ಒಂದೇ ಹನಿ ಸಾಕು

“ಕಣ್ಣಲ್ಲಿ ಸದಾ ನೀರು ಸುರಿಯುತ್ತೆ, ಡಾಕ್ಟ್ರು ನೋಡಿದ್ರೆ ಕಣ್ಣು ಒಣಗಿದೆ ಅಂತಾರೆ!” ಒಣಗಣ್ಣಿನ ತೊಂದರೆ ಇರುವ ಎಷ್ಟೋ ಜನ ಹೀಗೆ ಗೊಂದಲಕ್ಕೆ ಬೀಳುತ್ತಾರೆ. ಇಬ್ಬರ ಮಾತೂ ನಿಜವೇ. ಕಣ್ಣನ್ನು ಹಗಲೆಲ್ಲ ತೇವವಾಗಿಡುವ ಕಣ್ಣೀರು ಬೇರೆ, ಉರಿ ತಾಳಲಾರದೆ ಒಮ್ಮೆಲೇ ಉಕ್ಕುವ ಕಣ್ಣೀರು ಬೇರೆ. ಉಕ್ಕಿದ್ದು ಕೆನ್ನೆಗೆ ಇಳಿದುಹೋಗುತ್ತದೆ, ಕಣ್ಣಿಗೆ ಅಂಟಿ ನಿಲ್ಲುವುದಿಲ್ಲ.

ಅಂಟಿ ನಿಲ್ಲಬೇಕಾದ ಪದರದ ದಪ್ಪ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಸುಮಾರು ಮೂರು ಪಾಲು. ಅಷ್ಟರೊಳಗೇ ತಳದಲ್ಲಿ ಲೋಳೆ, ಅದರೊಡನೆ ನೀರು, ಮೇಲೆ ಎಣ್ಣೆಯ ಹೊದಿಕೆ. ಈ ಎಣ್ಣೆ ಒಸರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಕೂತಿರುವ ಮೈಬೋಮಿಯನ್ ಗ್ರಂಥಿಗಳಿಂದ. ಅವು ಕಟ್ಟಿಕೊಂಡರೆ ನೀರು ಬೇಗ ಆರುತ್ತದೆ. ಮೊಬೈಲ್ ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದೂ ಕಡಿಮೆ; ಬಡಿದರೂ ಅರ್ಧಂಬರ್ಧ.

ಹಾಗಾದರೆ ಶುದ್ಧ ನೀರನ್ನೇ ಬಿಟ್ಟರೆ ಸಾಲದೆ? ಸಾಲದು, ಅದು ಕೆಲವೇ ನಿಮಿಷಗಳಲ್ಲಿ ಮೂಗಿನ ಕಡೆಗೆ ಹರಿದುಹೋಗುತ್ತದೆ. ಆದ್ದರಿಂದಲೇ ಒಣಗಣ್ಣಿಗೆ ಬಿಡುವ ಕೃತಕ ಕಣ್ಣೀರಿನ ಹನಿಗಳಲ್ಲಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಯಲುರೊನೇಟ್‌ನಂಥ ಲೋಳೆ ಪದಾರ್ಥ ಬೆರೆಸುತ್ತಾರೆ. ಹೈಯಲುರೊನೇಟ್‌ನ ಮೂಲವಾದ ಆಮ್ಲ ಮೊದಲು ಸಿಕ್ಕಿದ್ದೂ ಕಣ್ಣಿನಲ್ಲೇ: 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನೊಳಗಿನ ಲೋಳೆಯಿಂದ ಅದನ್ನು ಬೇರ್ಪಡಿಸಿದರು. ಅದರ ಗುಣ ಸೊಗಸಾದದ್ದು. ಹುದುಗು ಬಂದ ದೋಸೆ ಹಿಟ್ಟು ಪಾತ್ರೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಸೌಟು ಆಡಿಸಿದರೆ ಸಡಿಲವಾಗುತ್ತದೆ. ಇದೂ ಹಾಗೆಯೇ. ಕಣ್ಣು ತೆರೆದಿರುವಾಗ ಮಂದವಾಗಿ ನಿಲ್ಲುತ್ತದೆ, ರೆಪ್ಪೆ ಜಾರುವ ಕ್ಷಣದಲ್ಲಿ ತೆಳುವಾಗಿ ದಾರಿ ಬಿಡುತ್ತದೆ.

ಒಂದಕ್ಕೆ ಮೂರು ಹನಿ ಬಿಡುವವರಿದ್ದಾರೆ. ಕಣ್ಣಿನಲ್ಲಿ ಸಹಜವಾಗಿರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್, ಹೆಚ್ಚೆಂದರೆ 30 ಹಿಡಿದೀತು. ಬಾಟಲಿಯಿಂದ ಬೀಳುವ ಒಂದೇ ಹನಿ 30ರಿಂದ 50 ಮೈಕ್ರೋಲೀಟರ್ ಇರುತ್ತದೆ! ಕೆಳರೆಪ್ಪೆ ಎಳೆದು ಒಂದು ಹನಿ ಬಿಟ್ಟು, ಒಂದೆರಡು ನಿಮಿಷ ಕಣ್ಣು ಮುಚ್ಚಿ ಕೂರಿ. ಬೇರೆ ಔಷಧಿಯ ಹನಿಯೂ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಿ. ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಬೇಕಾಗುವವರು ಸಂರಕ್ಷಕ ಬೆರೆಸದ ಹನಿಯನ್ನೇ ಕೇಳಿ ಪಡೆಯಬೇಕು. ಬೆನ್ಜಾಲ್ಕೋನಿಯಂ ಕ್ಲೋರೈಡ್‌ನಂಥ ಸಂರಕ್ಷಕ ಪದೇ ಪದೇ ತಾಗಿದರೆ ಕಣ್ಣಿನ ಮೇಲ್ಪದರವನ್ನೇ ಕೆಡಿಸುತ್ತದೆ.

ನನಗೆ ನಿಜವಾಗಿ ಭಯವಾಗುವುದು ಇನ್ನೊಂದಕ್ಕೆ. ಮೆಡಿಕಲ್ ಶಾಪಿನಲ್ಲಿ “ಕಣ್ಣು ಉರಿಗೆ ಏನಾದ್ರೂ ಕೊಡಿ” ಎಂದಾಗ ಸ್ಟೀರಾಯ್ಡ್ ಹನಿ ಕೈಗೆ ಬಂದರೆ, ಉರಿಯೇನೋ ಬೇಗ ಆರುತ್ತದೆ. ವೈದ್ಯರು ಹೇಳದೆ ತಿಂಗಳುಗಟ್ಟಲೆ ಅದನ್ನೇ ಹಾಕಿಕೊಂಡರೆ ಗ್ಲಾಕೋಮಾ ಬಂದು ದೃಷ್ಟಿಯೇ ಹೋಗಬಹುದು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ.

ಬಾಟಲಿಯ ತುದಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗದಿರಲಿ. ತೆರೆದ ದಿನದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. ಲೇಬಲ್ ಹೇಳಿದ ಅವಧಿ, ಸಾಮಾನ್ಯವಾಗಿ ಒಂದು ತಿಂಗಳು, ಮುಗಿದ ಮೇಲೆ ಅರ್ಧ ಬಾಟಲಿ ಉಳಿದಿದ್ದರೂ ದಯವಿಟ್ಟು ಎಸೆಯಿರಿ.