ತರಗೆಲೆಯಡಿಯ ಹಾವುರಾಣಿಯನ್ನು ಕೊಲ್ಲದಿರಿ

ಮಲೆನಾಡಿನ ರೈತ ಬಾಂಧವರೇ, ತರಗೆಲೆ ಕೆದಕುವಾಗ ನುಣುಪು ಮೈಯ ಹಾವುರಾಣಿ ಸರ್ರನೆ ಸರಿದುಹೋಗುವುದನ್ನು ತಾವು ಕಂಡಿರಬಹುದು. ವಿಷಜಂತುವೆಂದು ಹಲವರು ಇದನ್ನು ಹೊಡೆದು ಕೊಲ್ಲುವುದುಂಟು. ಈ ಭಯಕ್ಕೆ ಆಧಾರವಿಲ್ಲ. ಹಾವುರಾಣಿ ಹಾವಲ್ಲ, ಹಲ್ಲಿ, ಓತಿಗಳ ಬಳಗದ್ದು. ಇದಕ್ಕೆ ವಿಷವಿಲ್ಲ.

ಇವುಗಳಲ್ಲಿ ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದ ಬೇರೆಲ್ಲೂ ಇರದ ಚಿಕ್ಕ ಜಾತಿಯೊಂದಿದೆ. ಶಾಸ್ತ್ರೀಯ ಹೆಸರು ರಿಸ್ಟೆಲ್ಲ ಬೆಡ್ಡೋಮಿ. 1887ರಲ್ಲಿ ಇದನ್ನು ವಿವರಿಸಿದಾಗ ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ ಅವರ ಹೆಸರನ್ನಿಡಲಾಯಿತು. ಬಾಲ ಬಿಟ್ಟರೆ ಮೈ ಬೆರಳುದ್ದವೂ ಇಲ್ಲ. ಮುಂಗಾಲಿಗೆ 4, ಹಿಂಗಾಲಿಗೆ 5 ಬೆರಳುಗಳು. ಬೆಕ್ಕಿನಂತೆ ಉಗುರುಗಳನ್ನು ಒಳಗೆಳೆದುಕೊಳ್ಳುವುದು ಇದರ ವೈಶಿಷ್ಟ್ಯ. ಕಾಡಿನ ತಂಪಾದ ತರಗೆಲೆಯೇ ಇದರ ಮನೆ. ಸಣ್ಣಪುಟ್ಟ ಹುಳುಗಳೇ ಆಹಾರ.

ಬೆಳೆಯ ಪೀಡೆಗಳನ್ನೆಲ್ಲ ಇದು ತಿಂದು ಮುಗಿಸುವುದೆಂದು ನಾವು ಹೇಳುವುದಿಲ್ಲ. ಆದರೆ ತರಗೆಲೆಗೆ ಬೆಂಕಿಯಿಟ್ಟರೆ ಇದರ ನೆಲೆಯೂ ಹಾಳು, ತಮಗೂ ನಷ್ಟ. ಬೇಸಿಗೆಯಲ್ಲಿ ನೆಲದ ತೇವ ಕಾಯುವುದು, ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗದಂತೆ ತಡೆಯುವುದು, ಕೊಳೆತು ಗೊಬ್ಬರವಾಗುವುದು ಅದೇ ತರಗೆಲೆ.

ಆದ್ದರಿಂದ ಕಾಡಂಚಿನ ತೋಟಗಳಲ್ಲಿ ತರಗೆಲೆ ಸುಡದೆ ಗಿಡಗಳ ಬುಡಕ್ಕೆ ಹೊದಿಸಿರಿ. ಕಾಡಿನಿಂದ ಸೊಪ್ಪುಸದೆ ತರುವವರು ನೆಲವನ್ನು ಪೂರ್ತಿ ಬೋಳುಮಾಡದಿರಿ. ಹಾವುರಾಣಿ ಕಂಡರೆ ಅದರ ಪಾಡಿಗೆ ಬಿಟ್ಟುಬಿಡಿ.