ತಾಮ್ರದ ಚೊಂಬು ಮತ್ತು ನಲವತ್ತು ಸಿಗಡಿಗಳು

ಅಮ್ಮ ಅವುಗಳನ್ನು ಮೊದಲ ಸಲ ನೋಡಿದಾಗ ಕನ್ನಡಕ ಸರಿಮಾಡಿಕೊಂಡು, "ಎಂತ ಮಾರಾಯ ಇದು, ಇಷ್ಟು ಸಣ್ಣ ಎಟ್ಟಿ! ಒಂದು ಚಟ್ನಿಗೂ ಸಾಲದು" ಎಂದಿದ್ದರು. ಉಡುಪಿ ಕಡೆಯವರಾದ ನಮಗೆ ಸಿಗಡಿಯೆಂದರೆ ಎಟ್ಟಿ, ಎಟ್ಟಿಯೆಂದರೆ ಸುಕ್ಕ ಅಥವಾ ಪುಳಿಮುಂಚಿ. ಒಂದಕ್ಕೆ 40 ರೂಪಾಯಿ ಕೊಟ್ಟು ತಂದು ಗಾಜಿನ ತೊಟ್ಟಿಯಲ್ಲಿ ಸಾಕುವುದು ಅವರ ಪ್ರಕಾರ ಮುಂಬೈಗೆ ಬಂದು ಕೆಟ್ಟುಹೋದವರ ಲಕ್ಷಣ.

ಮುಲುಂಡಿನ ನಮ್ಮ ಫ್ಲ್ಯಾಟಿನಲ್ಲಿ ಎರಡಡಿ ಉದ್ದದ ಅಕ್ವೇರಿಯಂ ಇದೆ. ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಬೇರೆ ಬೇರೆ ಜಾತಿಯವು ಒಟ್ಟಿಗಿರುವ ಇಂಥದ್ದಕ್ಕೆ ಕಮ್ಯುನಿಟಿ ಟ್ಯಾಂಕ್ ಎನ್ನುತ್ತಾರೆ. ಹಳೆಯ ಚಾಳ್‌ನಂತೆ, ಯಾರ ಪಕ್ಕ ಯಾರಿಗೆ ಖೋಲಿ ಕೊಡಬೇಕು ಎಂಬುದರಲ್ಲೇ ಅರ್ಧ ಕೆಲಸ. ನಮ್ಮಲ್ಲಿದ್ದದ್ದು ಹತ್ತು ಎಂಬರ್ ಟೆಟ್ರಾ, ಆರು ಪಿಗ್ಮಿ ಕೋರಿಡೋರಾಸ್. ಎರಡೂ ಸಣ್ಣ ಬಾಯಿಯ ಮೀನುಗಳು, ದೊಡ್ಡ ಸಿಗಡಿಯ ತಂಟೆಗೆ ಹೋಗುವುದಿಲ್ಲ. ಏಂಜಲ್ ಫಿಶ್ ಇದ್ದವರು ಸಿಗಡಿಯ ಆಸೆ ಬಿಡುವುದು ಒಳ್ಳೆಯದು. ಅದಕ್ಕೂ ನಮ್ಮಂತೆ ಎಟ್ಟಿಯೆಂದರೆ ಊಟವೇ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಊರಿನ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದರು. ಹಿಂದಿ ಅಷ್ಟಕ್ಕಷ್ಟೆ, ಮರಾಠಿ ಬರುವುದೇ ಇಲ್ಲ. ನಾನು, ಹೆಂಡತಿ ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ಮಗಳು ಶಾಲೆಯಿಂದ ಬರುವವರೆಗೆ ಅವರೊಬ್ಬರೇ. ಕಳೆದ ಅಕ್ಟೋಬರಿನಲ್ಲಿ ಕುರ್ಲಾದಿಂದ 12 ಕೆಂಪು ಚೆರ್ರಿ ಸಿಗಡಿ ತಂದಾಗ ಇದನ್ನೆಲ್ಲ ಯೋಚಿಸಿರಲಿಲ್ಲ. ಗಾಜಿನ ಪಾಚಿ ತಿನ್ನಲಿ ಎಂದಷ್ಟೇ ತಂದದ್ದು.

ಚೆರ್ರಿ ಸಿಗಡಿ ಮೂಲತಃ ಚೀನಾ, ತೈವಾನ್ ಕಡೆಯದು. ಪೂರ್ತಿ ಬೆಳೆದರೂ ಒಂದಿಂಚು ದಾಟುವುದು ಅಪರೂಪ. ಪೇಟೆಯಲ್ಲಿ ಸಿಗುವ ಇನ್ನೊಂದು ಜಪಾನಿನ ಅಮಾನೋ ಸಿಗಡಿ. ಅದನ್ನು ಅಕ್ವೇರಿಯಂ ಲೋಕಕ್ಕೆ ಪರಿಚಯಿಸಿದ ಛಾಯಾಗ್ರಾಹಕ ತಕಾಶಿ ಅಮಾನೋ ಅವರ ಹೆಸರೇ ಅದಕ್ಕೆ ಬಂದಿದೆ. ಪಾಚಿ ತಿನ್ನುವುದರಲ್ಲಿ ಅದು ಗಟ್ಟಿಗ. ಆದರೆ ಮರಿಗಳು ಬದುಕಲು ಉಪ್ಪುನೀರು ಬೇಕು, ಹಾಗಾಗಿ ಮನೆಯ ತೊಟ್ಟಿಯಲ್ಲಿ ಸಂಸಾರ ಬೆಳೆಯುವುದಿಲ್ಲ. ಚೆರ್ರಿಗೆ ಆ ರಗಳೆಯಿಲ್ಲ. ಹೆಣ್ಣು ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತು, ಸಣ್ಣ ಕಾಲುಗಳಿಂದ ಮೂರು ನಾಲ್ಕು ವಾರ ಗಾಳಿ ಹಾಕುತ್ತಲೇ ಇರುತ್ತದೆ. ಹೊರಬರುವ ಮರಿ ತಾಯಿಯದೇ ತದ್ರೂಪು, ಅಕ್ಕಿ ನುಚ್ಚಿನಷ್ಟು.

ಎರಡನೇ ವಾರ ಅಮ್ಮ ಆಫೀಸಿಗೆ ಫೋನ್ ಮಾಡಿದರು. "ಒಂದು ಸತ್ತು ಬಿದ್ದಿದೆ, ಬೆಳ್ಳಗಾಗಿದೆ." ಅದು ಸತ್ತದ್ದಲ್ಲ, ಹಾವು ಪೊರೆ ಬಿಟ್ಟ ಹಾಗೆ ಚಿಪ್ಪು ಕಳಚಿದ್ದು ಎಂದೆ. ತೆಗೆದು ಬಿಸಾಡಬೇಡಿ, ಅದರ ಸುಣ್ಣದಂಶಕ್ಕಾಗಿ ಅವೇ ತಿನ್ನುತ್ತವೆ ಎಂದೂ ಹೇಳಿದೆ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಸಿಗಡಿ ಅಡಗಿ ಕೂರುತ್ತದೆ, ಅದಕ್ಕೇ ಜಾವಾ ಮಾಸ್ ಪಾಚಿಯ ಪೊದೆ ಬೇಕು. ಆವತ್ತಿನಿಂದ ಅಮ್ಮನ ಕುರ್ಚಿ ಟಿವಿಯ ಎದುರಿನಿಂದ ತೊಟ್ಟಿಯ ಎದುರಿಗೆ ಬಂತು. ರಾತ್ರಿ ನಾನು ಶೂ ಬಿಚ್ಚುವ ಮೊದಲೇ ವರದಿ ಸಿಗುತ್ತಿತ್ತು: ಯಾವುದು ಮೊಟ್ಟೆ ಹೊತ್ತಿದೆ, ಯಾವುದು ಚಿಪ್ಪು ಬಿಟ್ಟಿದೆ, ಇವತ್ತು ಲೆಕ್ಕಕ್ಕೆ ಸಿಕ್ಕಿದ್ದೆಷ್ಟು. ಏಪ್ರಿಲ್ ಹೊತ್ತಿಗೆ ಲೆಕ್ಕ ನಲವತ್ತಾಗಿತ್ತು.

ಮೇ ತಿಂಗಳಲ್ಲಿ ಸಾಯತೊಡಗಿದವು. ದಿನಕ್ಕೆ ಎರಡು, ಆಮೇಲೆ ಐದು. ಇವು ಕಳಚಿದ ಚಿಪ್ಪುಗಳಲ್ಲ, ಬೇಯಿಸಿದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿದ ಹೆಣಗಳು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಸೆಕೆ ಕಾರಣವೆಂದು ತೊಟ್ಟಿಯ ಮೇಲೆ ಸಣ್ಣ ಫ್ಯಾನ್ ಕಟ್ಟಿದೆ. ಸೊಳ್ಳೆಯ ಲಿಕ್ವಿಡ್ ಮಷಿನ್ ತೆಗೆಸಿದೆ, ಅದರಲ್ಲಿರುವ ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕ ಸಿಗಡಿಗೆ ವಿಷ. ಸಾವು ನಿಲ್ಲಲಿಲ್ಲ. ಮೀನುಗಳು ಮಾತ್ರ ಏನೂ ಆಗದಂತೆ ಓಡಾಡಿಕೊಂಡಿದ್ದವು. ಕಮ್ಯುನಿಟಿ ಟ್ಯಾಂಕಿನಲ್ಲಿ ಮೋಸ ಹೋಗುವುದು ಇಲ್ಲೇ. ಮೀನಿನ ಉತ್ಸಾಹ ನೋಡಿ ನೀರು ಸರಿಯಿದೆ ಎಂದುಕೊಳ್ಳುತ್ತೇವೆ.

ಕೊನೆಗೆ ತಾಮ್ರ ಪತ್ತೆ ಮಾಡುವ ಟೆಸ್ಟ್ ಕಿಟ್ ತರಿಸಿದೆ. ನೀರಿಗೆ ಬಣ್ಣ ಬಂತು. ಸಿಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರವಿರುವ ಹಿಮೋಸಯಾನಿನ್, ನಮ್ಮಲ್ಲಿ ಕಬ್ಬಿಣವಿರುವ ಹಿಮೋಗ್ಲೋಬಿನ್ ಇದ್ದ ಹಾಗೆ. ಆದರೂ ನೀರಿನಲ್ಲಿ ತಾಮ್ರ ಸ್ವಲ್ಪ ಹೆಚ್ಚಾದರೆ ಅದೇ ಅವಕ್ಕೆ ಯಮ. ಮೀನಿನ ಕೆಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ, ಆದರೆ ನಾನು ಔಷಧಿ ಹಾಕಿರಲಿಲ್ಲ. ಪೈಪೆಲ್ಲ ಪ್ಲಾಸ್ಟಿಕ್.

ಮರುದಿನ ಬೆಳಿಗ್ಗೆ ಬೇಗ ಎಚ್ಚರವಾಯಿತು. ಅಮ್ಮ ತಾಮ್ರದ ಚೊಂಬಿನಿಂದ ತೊಟ್ಟಿಗೆ ನಿಧಾನವಾಗಿ ನೀರು ಹೊಯ್ಯುತ್ತಿದ್ದರು.

ನಾನೇ ಹೇಳಿದ್ದೆ. ಬೇಸಿಗೆಯಲ್ಲಿ ನೀರು ಆರಿ ಇಳಿಯುತ್ತದೆ, ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ರಾತ್ರಿಯಿಡೀ ಇಟ್ಟ ನೀರನ್ನು ಬೆಳಿಗ್ಗೆ ಹಾಕಿ ಎಂದು. ನಮ್ಮ ಮನೆಯಲ್ಲಿ ರಾತ್ರಿಯಿಡೀ ಇಟ್ಟ ನೀರು ಎಂದರೆ ಯಾವುದು ಎಂದು ಯೋಚಿಸಿರಲಿಲ್ಲ. ಆರಿಹೋಗುವುದು ನೀರು ಮಾತ್ರ, ತಾಮ್ರ ತೊಟ್ಟಿಯಲ್ಲೇ ಉಳಿಯುತ್ತದೆ. ಮೂರು ವಾರ, ದಿನಕ್ಕೊಂದು ಚೊಂಬು.

ಎರಡು ದಿನ ಸೆಕೆಯ ಮೇಲೆ ಹಾಕಿ ಸುಳ್ಳು ಹೇಳಿದೆ. ಮೂರನೇ ದಿನ ಹೇಳಲೇಬೇಕಾಯಿತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗೆ ಕುಡಿಸಿದ ನೀರನ್ನೇ ಅವಕ್ಕೂ ಹಾಕಿದೆ ಮಗಾ" ಎಂದರು. ಕುರ್ಚಿ ಮತ್ತೆ ಟಿವಿಯ ಎದುರಿಗೆ ಹೋಯಿತು.

ದಿನಕ್ಕಿಷ್ಟರಂತೆ ನೀರು ಬದಲಿಸಿದೆ, ಫಿಲ್ಟರಿಗೆ ಇದ್ದಿಲು ಹಾಕಿದೆ. ಏಳು ಉಳಿದವು. ಹೊಸದು ತರೋಣ ಎಂದು ಮಗಳು ಹಟ ಹಿಡಿದಳು, ನಾನು ತರಲಿಲ್ಲ. ನೀರಿನ ಮೇಲೆ ನನಗೇ ನಂಬಿಕೆ ಬಂದಿರಲಿಲ್ಲ. ಜುಲೈಯ ಒಂದು ಭಾನುವಾರ ಮಗಳು ಕಿರುಚಿದಾಗ ಅಮ್ಮ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದರು. ಪಾಚಿಯ ಪೊದೆಯಲ್ಲಿ ನುಚ್ಚಿನಂಥ ಮರಿಗಳು.

ಈಗ ಬಾಲ್ಕನಿಯಲ್ಲಿ ನೀಲಿ ಪ್ಲಾಸ್ಟಿಕ್ ಬಕೆಟ್ ಇದೆ, ಅದನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿಲ್ಲ. ಕುರ್ಚಿ ತೊಟ್ಟಿಯ ಎದುರಿಗೇ ಇದೆ. ನಿನ್ನೆಯ ಲೆಕ್ಕ 23. ಕಲ್ಲಿನ ಹಿಂದೆ ಒಂದು ಮೀಸೆ ಮಾತ್ರ ಕಂಡಿತಂತೆ, ಅದನ್ನು ಸೇರಿಸಿಲ್ಲ.