ಅನ್ನದ ದತ್ತಿ, ಓದಿನ ನೆಲೆ

ಕಲಿಯುವವರು ಊರು ಬಿಟ್ಟು ಬಂದು, ಕಲಿಸುವವರ ಬಳಿಯೇ ತಂಗಿ, ಅಲ್ಲಿಯೇ ಉಂಡು ವರ್ಷಗಟ್ಟಲೆ ಓದುವ ನೆಲೆಯೇ ವಸತಿ ವಿದ್ಯಾಲಯ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳು ಇಂಥ ವಸತಿ ಕಾಲೇಜುಗಳ ಕೂಟವಾಗಿಯೇ ಬೆಳೆದವು. ಅರಸೀಕೆರೆ, ಬೇಲೂರು, ಹಳೇಬೀಡುಗಳ ಹೊಯ್ಸಳ ಸೀಮೆಯಲ್ಲಿ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಗ್ರಹಾರ, ಬ್ರಹ್ಮಪುರಿ, ಘಟಿಕಾಸ್ಥಾನ, ಮಠ, ಬಸದಿಗಳು ಈ ಕೆಲಸ ಮಾಡುತ್ತಿದ್ದವು. ಅವುಗಳ ವಿಚಾರ ಗೊತ್ತಾಗುವುದು ಮುಖ್ಯವಾಗಿ ಕಲ್ಲಿನ ಶಾಸನಗಳಿಂದ. ಪಾಠ ಹೇಗೆ ನಡೆಯುತ್ತಿತ್ತು ಎಂಬುದನ್ನು ಶಾಸನಗಳು ಅಷ್ಟಾಗಿ ಹೇಳುವುದಿಲ್ಲ. ಉಪಾಧ್ಯಾಯನಿಗೆ ಎಷ್ಟು ಭೂಮಿ, ಅಡುಗೆಯವರಿಗೆ ಏನು, ದೀಪದ ಎಣ್ಣೆಗೆ ಯಾವ ಹೊಲದ ಹುಟ್ಟುವಳಿ ಎಂಬುದನ್ನು ಮಾತ್ರ ಬಿಡದೆ ಹೇಳುತ್ತವೆ. ಕೊಟ್ಟದ್ದು ತಪ್ಪಬಾರದೆಂಬ ಎಚ್ಚರದಿಂದಲೇ ಅವನ್ನು ಕಲ್ಲಿನಲ್ಲಿ ಬರೆಸಿದ್ದು. ಹಾಗಾಗಿ ಕನ್ನಡ ನಾಡಿನಲ್ಲಿ ವಸತಿಯ ಓದು ಹೇಗೆ ನಡೆಯಿತೆಂದು ತಿಳಿಯಬೇಕಾದರೆ ಮೊದಲು ಊಟದ ಲೆಕ್ಕ ನೋಡಬೇಕು.

ಓದಿಗಾಗಿ ದೂರದೂರಿಗೆ ಹೋಗುವ ರೂಢಿ ಹಳೆಯದು. ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನದ ಪ್ರಕಾರ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಪಲ್ಲವರ ಕಂಚಿಗೆ ಹೋಗಿ ಅಲ್ಲಿನ ಘಟಿಕೆಯನ್ನು ಸೇರಿದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಎದ್ದ ಜಗಳ ಮುಂದೆ ಕದಂಬ ರಾಜ್ಯದ ಹುಟ್ಟಿಗೆ ಕಾರಣವಾಯಿತು ಎಂಬುದು ಶಾಲೆಯ ಪುಸ್ತಕದಲ್ಲೂ ಬರುವ ಸಂಗತಿ. ಕನ್ನಡ ನಾಡಿನ ತರುಣನೊಬ್ಬ ಉನ್ನತ ವ್ಯಾಸಂಗಕ್ಕೆ ತಮಿಳು ನಾಡಿನ ವಸತಿ ನೆಲೆಗೆ ಹೋಗುತ್ತಿದ್ದ ಎಂಬುದೂ ಅದೇ ಶಾಸನದಿಂದ ತಿಳಿಯುತ್ತದೆ.

ಐದು ಶತಮಾನಗಳ ನಂತರ ಕನ್ನಡ ನಾಡಿನಲ್ಲಿಯೇ ಅಂಥ ನೆಲೆಗಳು ನಿಂತಿದ್ದವು. ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ತ್ರಯೀಪುರುಷ ದೇವಾಲಯಕ್ಕೆ ಸೇರಿದಂತೆ ಒಂದು ಶಾಲೆ ಕಟ್ಟಿಸಿದ. ಬೇರೆಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಅಲ್ಲಿ 27 ಮನೆಗಳಿದ್ದವು. ಮುಖ್ಯ ಉಪಾಧ್ಯಾಯನಿಗೆ 50 ನಿವರ್ತನ ಭೂಮಿ, ದೀಪಗಳಿಗೆಂದೇ 12 ನಿವರ್ತನ. ದೀಪದ ಈ ಬಾಬ್ತನ್ನು ಗಮನಿಸಬೇಕು. ಮನೆಗೆ ಮರಳುವ ಹುಡುಗರಿಗೆ ಶಾಲೆಯಲ್ಲಿ ಸಂಜೆಯ ದೀಪ ಬೇಕಿಲ್ಲ. ಅಲ್ಲಿಯೇ ಮಲಗೇಳುವವರಿಗೆ ಬೇಕು. ಊರಿನವರೂ ಕೈಜೋಡಿಸಿದ್ದರು. ಮನೆಯಲ್ಲಿ ಮದುವೆಯಾದರೆ ಇಷ್ಟು, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಇನ್ನೂ ಸ್ವಲ್ಪ ಕಡಿಮೆ ಎಂದು ಶಾಲೆಗೆ ಹಣ ಸಲ್ಲಬೇಕಿತ್ತು. ಅರಸನ ದತ್ತಿ ಒಂದೇ ಸಲದ್ದು, ಮದುವೆಗಳಾದರೋ ಪ್ರತಿ ವರ್ಷ ನಡೆಯುವಂಥವು. ಈ ಕಟ್ಟಳೆ ಮಾಡಿದವರಿಗೆ ಸಂಸ್ಥೆ ನಡೆಸುವ ಕಷ್ಟ ಚೆನ್ನಾಗಿ ಗೊತ್ತಿತ್ತು.

ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನ ಇದಕ್ಕಿಂತ ದೊಡ್ಡದು. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಸ್ಥಾಪಿಸಿದ ಈ ನೆಲೆಯಲ್ಲಿ ವೇದ ಓದುವ 200 ವಿದ್ಯಾರ್ಥಿಗಳೂ ಶಾಸ್ತ್ರ ಓದುವ ಐವತ್ತರಷ್ಟು ಮಂದಿಯೂ ಇದ್ದರೆಂದು 1058ರ ಶಾಸನದಿಂದ ತಿಳಿಯುತ್ತದೆ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಅವರಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಓಲೆಗರಿಯ ಹೊತ್ತಿಗೆಗಳನ್ನು ಕಾಯುವವರು. ಪಾಠ ಹೇಳುವವರೂ ಆರು, ಪುಸ್ತಕ ಕಾಯುವವರೂ ಆರು! ಹುಳ ತಿನ್ನುವ, ತೇವಕ್ಕೆ ಕೊಳೆಯುವ ಗರಿಗಳನ್ನು ಮತ್ತೆಮತ್ತೆ ಪ್ರತಿ ಮಾಡಿಸುತ್ತ ಗ್ರಂಥಭಂಡಾರ ಉಳಿಸಿಕೊಳ್ಳುವುದಕ್ಕೆ ಅಷ್ಟು ಕೈಗಳು ಬೇಕಾಗಿದ್ದವು.

ಹೊಯ್ಸಳ ಸೀಮೆಯಲ್ಲಿ ಹೆಚ್ಚು ಹರಡಿದ್ದು ಅಗ್ರಹಾರ. ಅರಸ, ರಾಣಿ ಇಲ್ಲವೆ ದಂಡನಾಯಕನೊಬ್ಬ ಒಂದು ಊರನ್ನು ವೃತ್ತಿಗಳಾಗಿ ಹಂಚಿ ವಿದ್ವಾಂಸ ಬ್ರಾಹ್ಮಣ ಕುಟುಂಬಗಳಿಗೆ ಧಾರೆಯೆರೆದು ಕೊಡುತ್ತಿದ್ದ. ಊರಿನ ಆಡಳಿತ ಮಹಾಜನರದು. ಭೂಮಿಯ ಹುಟ್ಟುವಳಿಯಿಂದ ಅವರ ಸಂಸಾರ ನಡೆಯಬೇಕು, ಪ್ರತಿಯಾಗಿ ಅವರು ಓದಬೇಕು, ಓದಿಸಬೇಕು. ಹೊರಗಿನಿಂದ ಬಂದ ಹುಡುಗರು ಗುರುವಿನ ಮನೆಯಲ್ಲಿಯೋ ದೇವಾಲಯದ ಸತ್ರದಲ್ಲಿಯೋ ಉಣ್ಣುತ್ತಿದ್ದರು. ನಗರದೊಳಗೆ ಇದೇ ಬಗೆಯ ಬ್ರಾಹ್ಮಣ ಕೇರಿ ಬ್ರಹ್ಮಪುರಿ ಎನಿಸಿತ್ತು. ಹಾಸನದ ಬಳಿಯ ಶಾಂತಿಗ್ರಾಮ ರಾಣಿ ಶಾಂತಲೆಯ ಹೆಸರಿನ ಅಗ್ರಹಾರ. ಅರಸೀಕೆರೆಯ ಸಮೀಪದ ಹಾರನಹಳ್ಳಿಯಲ್ಲಿ 1230ರ ದಶಕದಲ್ಲಿ ಪೆದ್ದಣ್ಣ ಹೆಗ್ಗಡೆ ಮತ್ತು ಅವನ ತಮ್ಮಂದಿರು ಎತ್ತಿಸಿದ ಲಕ್ಷ್ಮೀನರಸಿಂಹ, ಸೋಮೇಶ್ವರ ದೇವಾಲಯಗಳು ಇಂಥದೇ ಊರಿನ ನಡುವೆ ನಿಂತಿವೆ.

ಅರಸೀಕೆರೆಯ ಮಾತು ಇನ್ನೂ ವಿಶೇಷ. ಶಾಸನಗಳಲ್ಲಿ ಅದಕ್ಕೆ ಉದ್ಭವ ಸರ್ವಜ್ಞ ವಿಜಯ ಬಲ್ಲಾಳಪುರ ಎಂಬ ಉದ್ದನೆಯ ಹೆಸರುಂಟು. ಇಮ್ಮಡಿ ವೀರಬಲ್ಲಾಳನ ಕೊನೆಯ ವರ್ಷಗಳಲ್ಲಿ ಅದು ವಿದ್ವಾಂಸರೂ ವರ್ತಕರೂ ತುಂಬಿದ ಪಟ್ಟಣವಾಗಿತ್ತು. ನಕ್ಷತ್ರಾಕಾರದ ಮುಖಮಂಟಪವಿರುವ ಈಶ್ವರ ದೇವಾಲಯವೂ, ಸಹಸ್ರಕೂಟ ಜಿನಾಲಯವೂ 1220ರ ಆಸುಪಾಸಿನವು. ಜಿನಾಲಯವನ್ನು ಕಟ್ಟಿಸಿದವನು ಮೊದಲು ಕಳಚೂರ್ಯರಲ್ಲಿದ್ದು ಆಮೇಲೆ ಬಲ್ಲಾಳನ ಆಶ್ರಯಕ್ಕೆ ಬಂದ ರೇಚರಸ. ಅರಸನಿಂದ ಪಡೆದ ಹಳ್ಳಿಯೊಂದನ್ನು ಅವನು ಸಾಗರಣಂದಿ ಸಿದ್ಧಾಂತದೇವರಿಗೆ ಒಪ್ಪಿಸಿದ. ಪೂಜೆಯ ಜೊತೆಗೆ ಆಹಾರದಾನ, ಜೀರ್ಣೋದ್ಧಾರಗಳ ಖರ್ಚು ಆ ಹಳ್ಳಿಯಿಂದ ನಡೆಯಬೇಕಿತ್ತು. ಬಸದಿಯ ರಕ್ಷಣೆಯ ಹೊಣೆ ಅರಸೀಕೆರೆಯ ಸಾವಿರ ಒಕ್ಕಲಿನದು. ಬ್ರಾಹ್ಮಣರ ಅಗ್ರಹಾರ, ಶೈವರ ಗುಡಿ, ಜೈನರ ಬಸದಿ ಒಂದೇ ಪಟ್ಟಣದಲ್ಲಿ ಅಕ್ಕಪಕ್ಕ ಬಾಳಿದ್ದವು.

ಜೈನ ನೆಲೆಗಳಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಟ್ಟಿಗೆ ಹೇಳುವುದು ವಾಡಿಕೆ. ಊಟ, ರಕ್ಷಣೆ, ಔಷಧಿ, ಓದು: ವಸತಿ ವಿದ್ಯಾಲಯವೊಂದಕ್ಕೆ ಬೇಕಾದ ನಾಲ್ಕೂ ಅದರಲ್ಲಿವೆ. ಹೊಯ್ಸಳರ ರಾಜಧಾನಿ ದೋರಸಮುದ್ರ, ಎಂದರೆ ಇಂದಿನ ಹಳೇಬೀಡಿನಲ್ಲಿ, ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಮುಂದಿನ ಶತಮಾನದಲ್ಲಿ ಇಲ್ಲಿ ಪಾಠ ಹೇಳಿದ ಬಾಲಚಂದ್ರ ಪಂಡಿತದೇವರು ತೀರಿಕೊಂಡಾಗ ಊರಿನ ಶ್ರಾವಕರು ಗುರುವಿನ ನೆನಪಿಗೆ ನಿಸಿದಿಗಲ್ಲು ನಿಲ್ಲಿಸಿದರು. ದೋರಸಮುದ್ರದಲ್ಲಿ ಅರಸನಿಗೆ, ದಂಡನಾಯಕನಿಗೆ ಸಲ್ಲುವ ಗೌರವ ಪಾಠ ಹೇಳುವ ಗುರುವಿಗೂ ಸಲ್ಲುತ್ತಿತ್ತು.

ಮಠಗಳ ಪೈಕಿ ಅತಿ ವಿವರವಾದ ಚಿತ್ರ ಸಿಗುವುದು ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನದಲ್ಲಿ. ನಾಲ್ಕು ವೇದ, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ಆರು ದರ್ಶನಗಳು, ಲಾಕುಲ ಸಿದ್ಧಾಂತ, ಪುರಾಣ, ಕಾವ್ಯ, ನಾಟಕ ಅಲ್ಲಿನ ಪಾಠಗಳು. ಕಾಳಾಮುಖ ಶೈವರ ಮಠದಲ್ಲಿ ಜೈನನಾದ ಶಾಕಟಾಯನನ ವ್ಯಾಕರಣಕ್ಕೂ ಎಡೆಯಿತ್ತು! ದೀನರು, ಅನಾಥರು, ಕುರುಡರು, ಬೇರೆಬೇರೆ ಮತಗಳ ಸನ್ಯಾಸಿಗಳು, ಎಲ್ಲರಿಗೂ ಅಲ್ಲಿ ಅನ್ನ, ರೋಗಿಗಳಿಗೆ ಚಿಕಿತ್ಸೆ. ಬೇಲೂರಿನ ನಂಟಿಗೂ ಬಳ್ಳಿಗಾವೆಯನ್ನು ನೆನೆಯಬೇಕು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಮದನಿಕೆಗಳ ಕೆಳಗೆ ಹೆಸರು ಕೊರೆದ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರು. ಅಪ್ಪನ ಜೊತೆ ಊರೂರು ತಿರುಗುತ್ತ, ಕೆಲಸದ ಜಾಗದಲ್ಲೇ ಬಿಡಾರ ಹೂಡಿ ಉಳಿ ಹಿಡಿಯುವುದನ್ನು ಕಲಿಯುವುದು ಶಿಲ್ಪಿಗಳ ಮಕ್ಕಳ ವಸತಿ ಶಿಕ್ಷಣ. ಅದಕ್ಕೆ ಯಾರೂ ಬೇರೆ ದತ್ತಿ ಬರೆಸಲಿಲ್ಲ, ಆದರೂ ಆ ಕಾಲದ ಓದಿನ ಫಲವಾಗಿ ಇಂದು ಕಣ್ಣಿಗೆ ಕಾಣುವಂತೆ ಉಳಿದಿರುವುದು ಹೆಚ್ಚಾಗಿ ಅವರದೇ.

ಸಂಸ್ಕೃತವೊಂದನ್ನೇ ಕಲಿಸುತ್ತಿದ್ದರೆಂದು ತಿಳಿಯಬಾರದು. ತಾಳಗುಂದದ 1158ರ ಶಾಸನ ವೇದಶಾಸ್ತ್ರಗಳ ಉಪಾಧ್ಯಾಯರ ಜೊತೆಗೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವವನಿಗೂ ಅಡುಗೆಯವರಿಗೂ ಪಾಲು ಇಟ್ಟಿದೆ. ಮೂರನೆಯ ನರಸಿಂಹನ ಮಂತ್ರಿ ಪೆರುಮಾಳೆ ದಂಡನಾಯಕ 1290ರಲ್ಲಿ ಕಾವೇರಿ ದಡದ ಮಾಲಂಗಿಯಲ್ಲಿ ವಿದ್ಯೆಗಾಗಿ ಬಿಟ್ಟ ದತ್ತಿಯಲ್ಲಿ ನಾಗರ, ಕನ್ನಡ, ತಿಗುಳ, ಆರ್ಯ ಎಂಬ ನಾಲ್ಕು ಓದುಗಳನ್ನು ಹುಡುಗರಿಗೆ ಹೇಳಿಕೊಡುವ ಏರ್ಪಾಡಿತ್ತು. ತಿಗುಳ ಎಂದರೆ ತಮಿಳು, ಆರ್ಯ ಎಂದರೆ ಮರಾಠಿ. ಕಾವೇರಿಯಿಂದ ತುಂಗಭದ್ರೆಯವರೆಗೆ ಹರಡಿದ, ತಮಿಳು ನಾಡಿನೊಳಗೂ ಕಾಲಿಟ್ಟಿದ್ದ ರಾಜ್ಯದ ಕರಣಿಕರಿಗೆ, ವರ್ತಕರಿಗೆ ಈ ನಾಲ್ಕೂ ಬೇಕಾಗುತ್ತಿದ್ದವು.

ಯುರೋಪಿನ ಕಾಲೇಜುಗಳು ಹುಟ್ಟಿದ್ದೂ ಇದೇ ತಲೆಮಾರಿನಲ್ಲಿ. ಪ್ಯಾರಿಸ್ಸಿನಲ್ಲಿ ಬಡ ದೈವಶಾಸ್ತ್ರ ವಿದ್ಯಾರ್ಥಿಗಳಿಗೆಂದು ಸೋರ್ಬಾನ್ 1257ರಲ್ಲಿ, ಆಕ್ಸ್‌ಫರ್ಡಿನ ಮರ್ಟನ್ 1264ರಲ್ಲಿ, ಕೇಂಬ್ರಿಜ್‌ನ ಪೀಟರ್‌ಹೌಸ್ 1284ರಲ್ಲಿ ಶುರುವಾದವು. ಅಲ್ಲಿಯೂ ದಾನಿ ಕೊಟ್ಟದ್ದು ಭೂಮಿ, ನಡೆದದ್ದು ಊಟ, ಮನೆ, ಪ್ರಾರ್ಥನೆ, ಓದು. ವ್ಯತ್ಯಾಸವಿದ್ದದ್ದು ಒಡೆತನದಲ್ಲಿ. ಮರ್ಟನ್ನಿನ ಭೂಮಿ ಮರ್ಟನ್ ಎಂಬ ಸಂಸ್ಥೆಯದು. ಅಧ್ಯಾಪಕ ಸತ್ತರೆ ಜಾಗಕ್ಕೆ ಇನ್ನೊಬ್ಬ ವಿದ್ವಾಂಸ ಬರುತ್ತಿದ್ದ. ಅಗ್ರಹಾರದ ವೃತ್ತಿ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು, ಅಣ್ಣತಮ್ಮಂದಿರಲ್ಲಿ ಹಂಚಿಹೋಗುತ್ತಿತ್ತು, ಕೆಲವೊಮ್ಮೆ ಮಾರಾಟವೂ ಆಗುತ್ತಿತ್ತು. ಮಗ ವಿದ್ವಾಂಸನಾಗದಿದ್ದರೂ ಭೂಮಿ ಅವನದೇ. ನಾಲ್ಕೈದು ತಲೆಮಾರು ಕಳೆಯುವುದರೊಳಗೆ ವಿದ್ಯೆಯ ದತ್ತಿ ಮನೆತನದ ಆಸ್ತಿಯಾಯಿತು. ಅಗ್ರಹಾರಗಳು ವಿಶ್ವವಿದ್ಯಾಲಯಗಳಾಗದೆ ಬರಿಯ ಊರುಗಳಾಗಿ ಉಳಿಯಲು ದೆಹಲಿಯ ಸೇನಾನಿ ಮಲಿಕ್ ಕಾಫರನ 1311ರ ದಾಳಿಗಿಂತಲೂ ಇದು ಹೆಚ್ಚಿನ ಕಾರಣವೆನ್ನಬೇಕು. ಮಠಗಳಲ್ಲಿ ಗುರುವಿನಿಂದ ಶಿಷ್ಯನಿಗೆ ಪಟ್ಟವಾಗುತ್ತಿದ್ದರಿಂದ ಆಸ್ತಿ ಒಡೆಯಲಿಲ್ಲ. ಅವು ಮುಂದೆಯೂ ಬಾಳಿದವು.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಘಟಿಕಾಸ್ಥಾನ, ಅಗ್ರಹಾರಗಳ ವೇದಶಾಸ್ತ್ರಗಳ ಓದು ಬ್ರಾಹ್ಮಣ ಹುಡುಗರಿಗೆ ಮೀಸಲಾಗಿತ್ತು. ಆ ಗದ್ದೆಗಳನ್ನು ಉತ್ತು ಬಿತ್ತು ವೃತ್ತಿಯ ಬತ್ತ ಅಳೆದುಕೊಟ್ಟ ಒಕ್ಕಲಿನ, ಹೊಲೆಯರ, ಮಾದಿಗರ ಮಕ್ಕಳು ಆ ಓದಿನ ಹತ್ತಿರ ಸುಳಿಯುವಂತಿರಲಿಲ್ಲ. ಹೆಣ್ಣುಮಕ್ಕಳ ವಸತಿ ಓದಿನ ಮಾತಂತೂ ಈ ದತ್ತಿಗಳಲ್ಲಿ ಕಾಣುವುದಿಲ್ಲ.

ಬಾಗಿಲು ತೆರೆಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಆರಂಭವಾದಾಗ ಅದರ ಕಾಲೇಜುಗಳಿದ್ದದ್ದು ಮೈಸೂರು, ಬೆಂಗಳೂರುಗಳಲ್ಲಿ. ಹಾಸನ ಸೀಮೆಯ ಹಳ್ಳಿಯ ಹುಡುಗ ಅರಸೀಕೆರೆಯಲ್ಲಿ ರೈಲು ಹತ್ತಿ ಆ ಊರುಗಳನ್ನು ಸೇರಬಹುದಿತ್ತು, ಆದರೆ ಉಣ್ಣುವುದೆಲ್ಲಿ? ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನ ಬ್ರಾಹ್ಮಣ ಹುಡುಗರಿಗೆ ಸಿಗುತ್ತಿತ್ತು; ಉಳಿದ ಜಾತಿಯವರಿಗೆ ಅಂಥ ಮನೆಗಳು ಪಟ್ಟಣದಲ್ಲಿ ಇರಲಿಲ್ಲ. ಈ ಕೊರತೆ ತುಂಬಲು ಜಾತಿ ಸಂಘಗಳು, ಮಠಗಳು, ವರ್ತಕರು ವಿದ್ಯಾರ್ಥಿನಿಲಯ ತೆರೆದರು. ಬೆಂಗಳೂರು ರೈಲು ನಿಲ್ದಾಣದ ಎದುರು ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರು ಓದುವ ಹುಡುಗರಿಗೂ ನೆಲೆ ಕೊಟ್ಟರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಆ ನಿಲಯದಲ್ಲಿದ್ದವರಲ್ಲಿ ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದವರೂ ಒಬ್ಬರು. ಮೈಸೂರಿನಲ್ಲಿ ಕುವೆಂಪು ಮಹಾರಾಜಾ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ರಾಮಕೃಷ್ಣಾಶ್ರಮ ಸೇರಿ ವರ್ಷಗಳ ಕಾಲ ಅಲ್ಲಿಯೇ ಇದ್ದರು.

ಸಿದ್ಧಗಂಗಾ ಮಠದಲ್ಲಿ ಉದ್ಧಾನ ಶಿವಯೋಗಿಗಳು 1917ರಲ್ಲಿ ಉಚಿತ ವಿದ್ಯಾರ್ಥಿನಿಲಯ ಆರಂಭಿಸಿದ್ದರು. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಜಾತಿಮತದ ಭೇದವಿಲ್ಲದೆ ಹತ್ತು ಸಾವಿರದಷ್ಟು ಮಕ್ಕಳು ಉಂಡು ಓದುತ್ತಿದ್ದರು. ಅಲ್ಲಿನ ಉಗ್ರಾಣಕ್ಕೆ ರಾಗಿ, ಬೇಳೆ, ತೆಂಗಿನಕಾಯಿ ಬಂದದ್ದು ಸುತ್ತಲಿನ ಭಕ್ತರ ಹೊಲ ತೋಟಗಳಿಂದ. ಸಾಲೋಟಗಿಯವರು ಮದುವೆ ಮುಂಜಿಗೆ ಹಣ ಎತ್ತಿದ ಬಗೆಯನ್ನು ಬಲ್ಲವರಿಗೆ ಇದು ಹೊಸದೆನಿಸುವುದಿಲ್ಲ. ಉಣ್ಣುವ ಸಾಲಿನಲ್ಲಿ ಕೂತವರು ಮಾತ್ರ ಹೊಸಬರು.

ಸರ್ಕಾರ ಈ ಹೊಣೆಯನ್ನು ದೊಡ್ಡ ಪ್ರಮಾಣದಲ್ಲಿ ಹೊತ್ತದ್ದು ದೇವರಾಜ ಅರಸರ ಕಾಲದಲ್ಲಿ. ಅವರು 1972ರಿಂದ 1977ರವರೆಗೆ, ಮತ್ತೆ 1978ರಿಂದ 1980ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಹೆಚ್ಚಿದವು. ಹುಡುಗಿಯರಿಗೆ ಬೇರೆ ನಿಲಯಗಳಾದವು. ಉನ್ನತ ಓದೂ ಹತ್ತಿರಕ್ಕೆ ಬಂತು: ಹಾಸನದ ಹೇಮಗಂಗೋತ್ರಿ ಬಹುಕಾಲ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು, 2023ರಲ್ಲಿ ಹಾಸನಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು.

ಇಂದಿನ ಹಾಸ್ಟೆಲಿನಲ್ಲಿ ಊಟ, ಹಾಸಿಗೆ, ದೀಪ ಇವೆ, ಗುರು ಇರುವುದಿಲ್ಲ. ನಿಲಯಪಾಲಕರು ಹಾಜರಿ, ದಿನಸಿ, ಬಿಲ್ಲು ನೋಡಿಕೊಳ್ಳುತ್ತಾರೆ. ಪಾಠ ಹೇಳುವವರು ಸಂಜೆ ತಮ್ಮ ಮನೆಗೆ ಹೋಗುತ್ತಾರೆ. ಕಲಿಸುವವರು ಕಲಿಯುವವರೊಡನೆ ನೆಲಸುವ ಹಳೆಯ ಕ್ರಮ ಹಾಸನ ಜಿಲ್ಲೆಯಲ್ಲಿ ಈಗ ಕಾಣುವುದು ಕಾಲೇಜಿಗಿಂತ ಹೆಚ್ಚಾಗಿ ಶಾಲೆಯ ಮಟ್ಟದಲ್ಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಮತ್ತು ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆಯ ಜವಾಹರ ನವೋದಯ ವಿದ್ಯಾಲಯದಲ್ಲಿ. ನವೋದಯದ ಮಕ್ಕಳನ್ನು ಅರಾವಳಿ, ನೀಲಗಿರಿ, ಶಿವಾಲಿಕ, ಉದಯಗಿರಿ ಎಂಬ ಸದನಗಳಾಗಿ ಹಂಚಿ, ಒಂದೊಂದಕ್ಕೂ ಆವರಣದಲ್ಲೇ ವಾಸಿಸುವ ಅಧ್ಯಾಪಕರನ್ನು ಹೊಣೆ ಮಾಡಿರುತ್ತಾರೆ. ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಸೇರುವ ಇವರಲ್ಲಿ ಕಡಿಮೆಯೆಂದರೆ ನೂರಕ್ಕೆ 75 ಸ್ಥಾನ ಹಳ್ಳಿಯ ಮಕ್ಕಳಿಗೆ, ಮೂರನೆಯ ಒಂದು ಪಾಲು ಹುಡುಗಿಯರಿಗೆ ಮೀಸಲು.